ಕಾಪರ್ ಟಿ ಅಂದ್ರೂ ಭಯ, ಬಸಿರಾದ್ರೂ ಭಯ: ಕಾಪುವಿನಿಂದ ಬಂದ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 28 ವರ್ಷ. ಊರು ಕಾಪು ಹತ್ತಿರ. ಮಗನಿಗೆ 1 ವರ್ಷ 10 ತಿಂಗಳು, ಸಿಸೇರಿಯನ್ ಆಗಿತ್ತು. ನಮ್ಮವರು ಕುವೈತ್‌ನಲ್ಲಿದ್ದಾರೆ. ವರ್ಷಕ್ಕೊಮ್ಮೆ ಒಂದೂವರೆ ತಿಂಗಳು ರಜೆಯಲ್ಲಿ ಬರುತ್ತಾರೆ. ಮುಂದಿನ ತಿಂಗಳು ಬರುತ್ತಿದ್ದಾರೆ. ಇನ್ನೊಂದು ಮಗು ನನಗೂ ಬೇಕು. ಆದರೆ ಮಗನಿಗೆ ನಾಲ್ಕಾದರೂ ತುಂಬಲಿ ಅಂತ ಆಸೆ. ಈಗಷ್ಟೇ ಒಂದು ಸೊಸೈಟಿಯಲ್ಲಿ ಕೆಲಸಕ್ಕೆ ಸೇರಿದ್ದೇನೆ. ಅತ್ತೆ ಮಾತ್ರ "ಒಂದು ಕಣ್ಣು ಕಣ್ಣಲ್ಲ, ಒಂದು ಮಗು ಮಗುವಲ್ಲ" ಅಂತ ದಿನಾ ಹೇಳುತ್ತಾರೆ. ಹೆರಿಗೆ ಆದಾಗ ಆಸ್ಪತ್ರೆಯಲ್ಲಿ, ಬಸಿರು ತಡೆಯಲು ಗರ್ಭಕೋಶದೊಳಗೆ ಕಾಪರ್ ಟಿ ಹಾಕಿಸಿಕೊಳ್ಳಿ ಅಂದರು. ಬೇಡ ಎಂದಿದ್ದಕ್ಕೆ ವಾರ್ಡಿನಲ್ಲಿ ಎಲ್ಲರೆದುರು ಬೈದರು. ಪಕ್ಕದ ಮನೆ ಅಕ್ಕ, ಅದು ಮೇಲೆ ಹೋಗಿ ಎದೆಗೆ ಚುಚ್ಚುತ್ತದೆ ಎನ್ನುತ್ತಾರೆ. ನಮ್ಮವರಿಗೆ ನಿರೋಧ್ ಇಷ್ಟವಿಲ್ಲ. "ನಾನು ನೋಡ್ಕೊಳ್ತೇನೆ" ಅಂತಾರೆ. ಕಳೆದ ರಜೆಯಲ್ಲಿ ನಂಬಿಕೆ ಬಾರದೆ ಮೂರು ಸಲ ಐ-ಪಿಲ್ (ತುರ್ತು ಗರ್ಭನಿರೋಧಕ ಮಾತ್ರೆ) ತಿಂದೆ. ಮುಟ್ಟು ಎರಡು ತಿಂಗಳು ಹಿಂದೆ ಮುಂದೆ ಆಯಿತು. ಈಗ ಸರಿ ಇದೆ. ಇನ್ನೊಂದು ಚಿಂತೆ. ಗಂಡ ಊರಲ್ಲಿ ಇಲ್ಲದವಳಿಗೆ ಕಾಪರ್ ಟಿ ಯಾಕೆ ಅಂತ ಯಾರಾದರೂ ಕೇಳಿದರೆ? ಬಿ.ಕಾಂ. ಓದಿದ್ದೇನೆ. ಆದರೂ ಇಷ್ಟು ಹೆದರುತ್ತೇನಲ್ಲ, ನನ್ನಲ್ಲೇ ಏನಾದರೂ ತಪ್ಪಿದೆಯಾ? ನನಗೆ ಯಾವುದು ಒಳ್ಳೆಯದು? (ಹೆಸರು ಬೇಡ)

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನಿಮ್ಮಲ್ಲಿ ಏನೂ ತಪ್ಪಿಲ್ಲ. ಮಗು ಯಾವಾಗ ಬೇಕು ಅನ್ನುವುದು ನಿಮಗೆ ಸ್ಪಷ್ಟವಾಗಿ ಗೊತ್ತಿದೆ. ಅದನ್ನು ಹೇಗೆ ಮುಂದೆ ಹಾಕುವುದು ಅನ್ನುವಲ್ಲಿ ಮಾತ್ರ ಸಿಕ್ಕಿಬಿದ್ದಿದ್ದೀರಿ. ಒಂದು ಕಡೆ ಮೈಗೆ ಏನಾಗುತ್ತದೋ ಎಂಬ ಭಯ, ಇನ್ನೊಂದು ಕಡೆ ಗಂಡ ಮತ್ತು ಅತ್ತೆ, ಮತ್ತೊಂದು ಕಡೆ ಊರಿನ ಬಾಯಿ. ಈ ಮೂರೂ ಸೇರಿದರೆ ಎಷ್ಟು ಓದಿದವರೂ ಹಿಂದೆ ಸರಿಯುತ್ತಾರೆ.

ಗರ್ಭನಿರೋಧಕ ಬೇಡ ಅನ್ನುವ ಹೆಂಗಸಿಗೆ ತಿಳುವಳಿಕೆ ಕಡಿಮೆ ಅಂತ ನಮ್ಮ ವೈದ್ಯ ವೃತ್ತಿಯವರೇ ಸುಲಭವಾಗಿ ಹೇಳಿಬಿಡುತ್ತಾರೆ. ಮಂಗಳೂರು, ಉಡುಪಿಯಲ್ಲಿ ಇಷ್ಟು ವರ್ಷ ಹೆಂಗಸರ ಮಾತು ಕೇಳಿದ ಮೇಲೆ ನನಗೆ ಅದು ಸರಿ ಅನ್ನಿಸುವುದಿಲ್ಲ. ನಮ್ಮ ಕಡೆ ನಿರೋಧ್, ಮಾತ್ರೆ, ಕಾಪರ್ ಟಿ, ಸಂತಾನಹರಣ ಆಪರೇಶನ್ ಬಗ್ಗೆ ಕೇಳದವರು ಸಿಗುವುದೇ ಅಪರೂಪ. ಬೇಡ ಅನ್ನುವವರಿಗೆ ಹೆಚ್ಚಾಗಿ ಒಂದು ಗಟ್ಟಿ ಕಾರಣ ಇರುತ್ತದೆ. ಆ ಕಾರಣವನ್ನು ಯಾರೂ ಕೂತು ಕೇಳಿರುವುದಿಲ್ಲ, ಅಷ್ಟೇ. ನಿಮ್ಮ ವಿಷಯದಲ್ಲೂ ಆದದ್ದು ಅದೇ. ಹೊಟ್ಟೆ ಕೊಯ್ದ ನೋವಿನಲ್ಲಿ, ಹಾಲು ಬರುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಮಲಗಿದ್ದವರ ಹತ್ತಿರ ಬಂದು ಕೇಳಿದರು. ಬೇಡ ಎಂದಾಗ ಯಾಕೆ ಅಂತ ಕೇಳುವ ಬದಲು ಬೈದರು. ಆ ಬೈಗುಳ ಇನ್ನೂ ನಿಮ್ಮ ಮನಸ್ಸಿನಲ್ಲಿದೆ. ಕಾಪರ್ ಟಿ ಅಂದಾಗ ವಾರ್ಡೂ ನೆನಪಾಗುತ್ತದೆ, ಅಲ್ವಾ? ಹೆರಿಗೆಯಾದ 48 ಗಂಟೆಯೊಳಗೆ ಕಾಪರ್ ಟಿ ಹಾಕುವುದು ವೈದ್ಯಕೀಯವಾಗಿ ಸರಿಯಾದ ಕ್ರಮವೇ. ಆದರೆ ಅದರ ಮಾತು ಬಸಿರಿನ ತಪಾಸಣೆಗೆ ಬರುವಾಗಲೇ, ನಿಧಾನವಾಗಿ ಆಗಬೇಕಿತ್ತು.

ಎದೆಗೆ ಹೋಗುತ್ತದೆಯೇ?

ಇಲ್ಲ. ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಕಾಪರ್ ಟಿ ಯಾವಾಗಲೂ ಇರುತ್ತದೆ. ಕೇಳಿದವರ ಅಂಗೈ ಮೇಲೆ ಇಡುತ್ತೇನೆ. ಮೆತ್ತನೆಯ ಬಿಳಿ ಪ್ಲಾಸ್ಟಿಕ್, ಸುತ್ತ ಕೂದಲೆಳೆಯಂಥ ತಾಮ್ರದ ತಂತಿ, ತುದಿಯಲ್ಲಿ ಎರಡು ನೂಲು. ಉದ್ದ 36 ಮಿಲಿಮೀಟರ್, ಅಗಲ 32. ಅದರ ತೋಳನ್ನು ಬೆರಳಿನಿಂದ ಮಡಚಿ, ಬಿಟ್ಟು ನೋಡಿ ಎನ್ನುತ್ತೇನೆ. ಹೆಚ್ಚಿನವರು ಎರಡು ಸಲ ಮಡಚಿ ನೋಡಿ "ಇಷ್ಟೇನಾ ಡಾಕ್ಟ್ರೇ?" ಎನ್ನುತ್ತಾರೆ. ಅಷ್ಟರವರೆಗೆ ಅವರ ಮನಸ್ಸಿನಲ್ಲಿ ಇದ್ದದ್ದು ಕಬ್ಬಿಣದ ಕೊಂಡಿಯಂಥ ವಸ್ತು.

ಗರ್ಭಕೋಶ ದಪ್ಪ ಗೋಡೆಯ ಚೀಲ. ಅಲ್ಲಿಂದ ಎದೆಗೆ, ತಲೆಗೆ ಹೋಗುವ ದಾರಿಯೇ ಇಲ್ಲ. ಆದರೆ ಪಕ್ಕದ ಮನೆ ಅಕ್ಕ ಹೇಳುವ ಮಾತಿನ ಹಿಂದೆ ಒಂದು ಸಣ್ಣ ನಿಜ ಇದೆ. ಅದನ್ನೂ ಹೇಳಿಬಿಡುತ್ತೇನೆ. 1000 ಜನರಿಗೆ ಹಾಕಿದರೆ ಒಬ್ಬಿಬ್ಬರಲ್ಲಿ ಹಾಕುವ ಹೊತ್ತಿಗೆ ಗರ್ಭಕೋಶದ ಗೋಡೆಗೆ ತೂತಾಗಿ, ಅದು ಹೊಟ್ಟೆಯೊಳಗೆ ಸೇರುವುದುಂಟು. ಆಗ ಲ್ಯಾಪ್ರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾದಲ್ಲಿ ನೋಡಿ ಮಾಡುವ ಶಸ್ತ್ರಚಿಕಿತ್ಸೆ) ಮಾಡಿ ತೆಗೆಯಬೇಕಾಗುತ್ತದೆ. ಇನ್ನು ಕೆಲವರಲ್ಲಿ, ನೂರಕ್ಕೆ ಐದರೊಳಗೆ, ಮೊದಲ ವರ್ಷದಲ್ಲಿ ತಾನಾಗಿಯೇ ಜಾರಿ ಹೊರಗೆ ಬೀಳುತ್ತದೆ. ಹೆರಿಗೆ ಆದ ಕೂಡಲೇ ಹಾಕಿದರೆ ಹೀಗೆ ಬೀಳುವುದು ಸ್ವಲ್ಪ ಜಾಸ್ತಿ. ಅದಕ್ಕೇ ಮುಂದಿನ ಮುಟ್ಟಾದ ಮೇಲೆ ಒಮ್ಮೆ ಬಂದು ತೋರಿಸಿ ಎನ್ನುವುದು.

ಉಷ್ಣ ಆಗುತ್ತದೆ, ಮೈ ಒಣಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದೆಲ್ಲ ಸುಮ್ನೆ ಮಾತು. ತಾಮ್ರ ವೀರ್ಯಾಣುವಿನ ಚಲನೆಯನ್ನು ಕೆಡಿಸುತ್ತದೆ, ಅಷ್ಟೇ ಅದರ ಕೆಲಸ. ತೆಗೆಸಿದ ತಿಂಗಳಲ್ಲೇ ಬಸಿರಾದವರಿದ್ದಾರೆ. ಸೋಂಕಿನ ಅಪಾಯ ಹಾಕಿದ ಮೊದಲ ಮೂರು ವಾರ ಸ್ವಲ್ಪ ಇರುತ್ತದೆ. ಆಗಲೇ ಬಿಳಿ ಸೆರಗು, ಕೆಟ್ಟ ವಾಸನೆ, ಕಿಬ್ಬೊಟ್ಟೆ ನೋವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ, ಆಮೇಲೆ ಕಾಪರ್ ಟಿ.

ರಕ್ತಸ್ರಾವದ ವಿಷಯ

ಇದನ್ನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ನಮ್ಮ ಊರಿನ ಹೆಂಗಸರು ಕಾಪರ್ ಟಿ ತೆಗೆಸಲು ಬರುವುದಕ್ಕೆ, ಗರ್ಭನಿರೋಧಕ ಇಂಜೆಕ್ಷನ್ ಒಂದೇ ಡೋಸಿಗೆ ನಿಲ್ಲಿಸುವುದಕ್ಕೆ ನಾನು ಕಂಡ ದೊಡ್ಡ ಕಾರಣ ಇದೇ.

ಕಾಪರ್ ಟಿ ಹಾಕಿದ ಮೊದಲ ಮೂರರಿಂದ ಆರು ತಿಂಗಳು ಮುಟ್ಟಿನ ರಕ್ತ ಜಾಸ್ತಿ ಹೋಗುತ್ತದೆ, ಒಂದೆರಡು ದಿನ ಹೆಚ್ಚೂ ಆಗಬಹುದು, ಹೊಟ್ಟೆನೋವೂ ಇರುತ್ತದೆ. ವೈದ್ಯರ ಪುಸ್ತಕದಲ್ಲಿ ಇದು ಸಣ್ಣ ಅಡ್ಡ ಪರಿಣಾಮ. ಮನೆಯಲ್ಲಿ ಇದು ಸಣ್ಣದಲ್ಲ. ಮುಟ್ಟಾದಾಗ ದೇವರ ಕೋಣೆಗೆ ಹೋಗಬಾರದು, ಕೆಲವು ಮನೆಗಳಲ್ಲಿ ಅಡುಗೆಮನೆಗೂ ಹೋಗಬಾರದು. ಮನೆಯಲ್ಲಿ ನಾಗನಿಗೆ ತಂಬಿಲ ಇದೆ, ಕುಟುಂಬದ ದೈವಕ್ಕೆ ಕೋಲ ಇದೆ ಅಂದರೆ ದಿನ ಲೆಕ್ಕ ಹಾಕುವುದು ಸೊಸೆಯ ಮುಟ್ಟನ್ನೂ ಸೇರಿಸಿಕೊಂಡು. ಅಲ್ಲಿ ನಾಲ್ಕು ದಿನ ಆರಾದರೆ ಮನೆಗೆಲ್ಲ ಗೊತ್ತಾಗುತ್ತದೆ. "ಯಾಕೆ, ಏನಾಯ್ತು?" ಎಂಬ ಪ್ರಶ್ನೆ ಬರುತ್ತದೆ. ಬ್ಯಾರಿ ಮನೆಯ ಹೆಣ್ಣುಮಕ್ಕಳೂ ಇದನ್ನೇ ಬೇರೆ ರೀತಿಯಲ್ಲಿ ಹೇಳುತ್ತಾರೆ. ರಕ್ತ ಹೋಗುತ್ತಿದ್ದರೆ ನಮಾಜು ಇಲ್ಲ, ರಂಜಾನಿನ ಉಪವಾಸ ತಪ್ಪುತ್ತದೆ, ಆಮೇಲೆ ಲೆಕ್ಕ ಹಿಡಿದು ತೀರಿಸಬೇಕು. ಹೀಗಿರುವಾಗ "ಸ್ವಲ್ಪ ಬ್ಲೀಡಿಂಗ್ ಆಗಬಹುದು, ಏನೂ ತೊಂದರೆ ಇಲ್ಲ" ಅಂತ ನಾವು ಹೇಳಿ ಕಳುಹಿಸಿದರೆ ಅವರಿಗೆ ಅದು ಏನೂ ಉಪಯೋಗವಿಲ್ಲದ ಮಾತು. ಎಷ್ಟು ದಿನ, ಎಷ್ಟು ತಿಂಗಳು, ಯಾವಾಗ ಕಡಿಮೆ ಆಗುತ್ತದೆ, ಅದಕ್ಕೆ ಯಾವ ಮಾತ್ರೆ ಇದೆ ಎನ್ನುವುದನ್ನೆಲ್ಲ ಮೊದಲೇ ಹೇಳಬೇಕು. ಹೇಳಿದ್ದರೆ ತಡೆದುಕೊಳ್ಳುತ್ತಾರೆ. ಹೇಳದೆ ಇದ್ದು ಆಮೇಲೆ ಆದರೆ, ಮೋಸ ಹೋದೆ ಅನ್ನಿಸುತ್ತದೆ. ಅದನ್ನು ತಂಗಿಗೆ, ನಾದಿನಿಗೆ, ಪಕ್ಕದ ಮನೆಯವರಿಗೆ ಹೇಳುತ್ತಾರೆ. ಹೇಳುವುದು ಸಹಜ.

ಇದಕ್ಕೆ ವಿರುದ್ಧವಾಗಿ, ಮೂರು ತಿಂಗಳ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ಹಲವರಿಗೆ ಮುಟ್ಟೇ ನಿಲ್ಲುತ್ತದೆ. ಆಗ "ಕೆಟ್ಟ ರಕ್ತ ಒಳಗೇ ಉಳೀತದಲ್ಲಾ" ಎಂಬ ಭಯ. ಇಂಜೆಕ್ಷನ್ ಇರುವಾಗ ಗರ್ಭಕೋಶದ ಒಳಪದರ ಬೆಳೆಯುವುದೇ ಇಲ್ಲ. ಉದುರಲು ಏನೂ ಇಲ್ಲದ್ದರಿಂದ ರಕ್ತ ಬರುವುದಿಲ್ಲ. ಒಳಗೆ ಸೇರಿಕೊಳ್ಳುವಂಥದ್ದು ಯಾವುದೂ ಇಲ್ಲ.

ಮಾತು ಯಾರದು?

ನಮ್ಮದು ಅಳಿಯಸಂತಾನದ ನಾಡು. ಎಷ್ಟೋ ಮನೆಗಳಲ್ಲಿ ವಂಶ, ಆಸ್ತಿ ಎಣಿಸಿದ್ದು ಹೆಣ್ಣಿನ ಕಡೆಯಿಂದ. ಆದರೂ ಈ ಒಂದು ವಿಷಯದಲ್ಲಿ ಹೆಣ್ಣಿನ ಮಾತು ಕೊನೆಗೆ ಬರುತ್ತದೆ. ಅತ್ತೆ ಜೊತೆಗೆ ಬಂದಿದ್ದರೆ ಉತ್ತರ ಕೊಡುವುದು ಅತ್ತೆಯೇ. ಸೊಸೆ ನೆಲ ನೋಡುತ್ತಿರುತ್ತಾಳೆ. ಅದಕ್ಕೆ "ಬಿ.ಪಿ. ನೋಡ್ಬೇಕು, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ ಅಮ್ಮ" ಎನ್ನುತ್ತೇನೆ. ಬಾಗಿಲು ಹಾಕಿದ ಮೇಲೆ ಬರುವ ಉತ್ತರ ಎಷ್ಟೋ ಸಲ ಪೂರ್ತಿ ಬೇರೆ.

ಅತ್ತೆಯನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ಕಾಲದಲ್ಲಿ ಹುಟ್ಟಿದ ಮಕ್ಕಳೆಲ್ಲ ಉಳಿಯುತ್ತಿರಲಿಲ್ಲ. ಒಂದು ಕಣ್ಣಿನ ಗಾದೆ ಆ ನೋವಿನಿಂದಲೇ ಹುಟ್ಟಿರಬೇಕು. ಮಗ ವರ್ಷಕ್ಕೊಮ್ಮೆ ಬರುತ್ತಾನೆ, ಈ ಸಲ ಆಗದಿದ್ದರೆ ಇನ್ನೊಂದು ವರ್ಷ ಹೋಗುತ್ತದೆ ಎಂಬ ಲೆಕ್ಕವೂ ಅವರಿಗಿದೆ.

ಗಂಡನ ವಿಷಯ ಇನ್ನೂ ಸೂಕ್ಷ್ಮ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 35 ಗಂಡಸರು, ಗರ್ಭನಿರೋಧಕ ಹೆಂಗಸರ ಕೆಲಸ, ಅದರ ಚಿಂತೆ ಗಂಡಸಿಗೆ ಬೇಡ ಎಂದಿದ್ದಾರೆ. ನೂರಕ್ಕೆ ಸುಮಾರು 20 ಜನ, ಅದನ್ನು ಬಳಸುವ ಹೆಂಗಸು ದಾರಿ ತಪ್ಪಬಹುದು ಎಂದಿದ್ದಾರೆ. "ಗಂಡ ಇಲ್ಲದವಳಿಗೆ ಕಾಪರ್ ಟಿ ಯಾಕೆ" ಎಂದು ಯಾರಾದರೂ ಕೇಳಿಯಾರು ಎಂಬ ನಿಮ್ಮ ಭಯ ಎಲ್ಲಿಂದ ಬಂತು ಅಂತ ಈ ಸಂಖ್ಯೆಯಲ್ಲೇ ಗೊತ್ತಾಗುತ್ತದೆ. ನೀವು ಅದನ್ನು ಕಲ್ಪಿಸಿಕೊಂಡದ್ದಲ್ಲ. ಗಲ್ಫ್‌ನಲ್ಲಿ, ಹಡಗಿನಲ್ಲಿ, ಮುಂಬೈಯ ಹೋಟೆಲುಗಳಲ್ಲಿ ಗಂಡಂದಿರು ದುಡಿಯುವ ಮನೆಗಳು ಕರಾವಳಿಯಲ್ಲಿ ಬಹಳ. ಆ ಮನೆಗಳ ಹೆಂಗಸರು ರಜೆ ಹತ್ತಿರ ಬರುವವರೆಗೆ ಏನೂ ಕೇಳುವುದಿಲ್ಲ. ಕೇಳಿದರೆ ಅನುಮಾನ. ರಜೆ ಶುರುವಾದ ಮೇಲೆ ಕೇಳಲು ಪುರುಸೊತ್ತಿಲ್ಲ, ಮನೆ ತುಂಬ ನೆಂಟರು. ಹಾಗಾಗಿ ಕೊನೆಗೆ ಮೆಡಿಕಲ್ ಶಾಪಿನ ಐ-ಪಿಲ್ಲೇ ಗತಿ.

ಆಶಾ ಕಾರ್ಯಕರ್ತೆಯರ ಹತ್ತಿರ ನಿರೋಧ್, ಮಾತ್ರೆ ಸಿಗುತ್ತದೆ. ಒಳ್ಳೆಯ ಕೆಲಸ ಮಾಡುತ್ತಾರೆ. ಆದರೆ ಅವರೂ ನಿಮ್ಮೂರಿನವರೇ, ನಿಮ್ಮ ಅತ್ತೆಯ ಪರಿಚಯದವರೇ ಇರಬಹುದು. ಅಲ್ಲಿ ಕೇಳಲು ಮುಜುಗರವಾದರೆ ನೇರ ಉಡುಪಿಯ ಸರ್ಕಾರಿ ಹೆಂಗಸರ ಆಸ್ಪತ್ರೆಗೆ ಹೋಗಿ. ಮಂಗಳೂರಿಗೆ ಬರುವುದಿದ್ದರೆ ಲೇಡಿ ಗೋಶನ್ ಇದೆ. ನಿಮ್ಮ ವಿವರ ಗುಟ್ಟಾಗಿಡುವುದು ವೈದ್ಯರ ಕರ್ತವ್ಯ.

ಧರ್ಮದ ಮಾತೂ ಬರುತ್ತದೆ. ಕ್ಯಾಥೊಲಿಕ್ ಚರ್ಚ್ ಕೃತಕ ವಿಧಾನಗಳನ್ನು ಒಪ್ಪುವುದಿಲ್ಲ. 1968ರಲ್ಲಿ ಪೋಪ್ ಆರನೇ ಪಾಲ್ ಇದನ್ನು ಮತ್ತೆ ಸ್ಪಷ್ಟಪಡಿಸಿದರು. ಇಸ್ಲಾಮಿನ ಹಲವು ವಿದ್ವಾಂಸರು ಗಂಡ ಹೆಂಡತಿ ಇಬ್ಬರೂ ಒಪ್ಪಿದರೆ ತಾತ್ಕಾಲಿಕ ವಿಧಾನ ಆಗಬಹುದು, ಶಾಶ್ವತ ಆಪರೇಶನ್ ಬೇಡ ಎನ್ನುತ್ತಾರೆ. ನಂಬಿಕೆ ಇರುವವರಿಗೆ ನಾನು ಅದಕ್ಕೆ ಹೊಂದುವ ದಾರಿಯನ್ನೇ ವಿವರಿಸುತ್ತೇನೆ. ಅದು ಎಷ್ಟು ಸಲ ಕೈ ಕೊಡುತ್ತದೆ ಎನ್ನುವುದನ್ನೂ ಹೇಳುತ್ತೇನೆ.

ಇನ್ನೊಂದು ಸಂಗತಿ. ಅದೇ 2019-21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 15ರಿಂದ 49 ವರ್ಷದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಆಪರೇಶನ್ ಮಾಡಿಸಿಕೊಂಡವರು. ದೇಶದ ಲೆಕ್ಕದಲ್ಲಿ ಇದು ನೂರಕ್ಕೆ 38ರಷ್ಟು. ಗಂಡಸರ ಆಪರೇಶನ್ ನೂರಕ್ಕೆ 0.3. ಕಾಪರ್ ಟಿ ನೂರಕ್ಕೆ ಎರಡು. ಅಂದರೆ ನಮ್ಮ ಎಷ್ಟೋ ಹೆಂಗಸರು ಮಧ್ಯದಲ್ಲಿ ಏನನ್ನೂ ಬಳಸುವುದಿಲ್ಲ. ಎರಡು ಮಕ್ಕಳು ಬೇಗ ಬೇಗ, ಆಮೇಲೆ ಒಮ್ಮೆಲೇ ಆಪರೇಶನ್. ಗಂಡಸರು ಹಿಂದೆ ಸರಿದದ್ದಕ್ಕೂ ಒಂದು ಚರಿತ್ರೆ ಇದೆ. ತುರ್ತು ಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷ, 80 ಲಕ್ಷಕ್ಕೂ ಹೆಚ್ಚು ಆಪರೇಶನ್ ಆದವು. ಅದರಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರದ್ದು, ಎಷ್ಟೋ ಬಲವಂತದಿಂದ. ಆ ಹೆದರಿಕೆ ಇಂದಿಗೂ ಹೋಗಿಲ್ಲ, ಭಾರವೆಲ್ಲ ಹೆಂಗಸರ ಮೇಲೆ ಬಿತ್ತು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಆಪರೇಶನ್ ಕ್ಯಾಂಪಿಗೆ ಹೋದ ಹತ್ತಕ್ಕೂ ಹೆಚ್ಚು ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದೊಳಗೆ ಇಂಥ ಕ್ಯಾಂಪ್‌ಗಳನ್ನು ನಿಲ್ಲಿಸಿ ಎಂದಿತು. ಇದನ್ನೆಲ್ಲ ಕೇಳಿದ ಜನ ಹೆದರುವುದು ತಪ್ಪೇ? 1930ರಲ್ಲೇ ಮೈಸೂರು ಸರ್ಕಾರ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಅಷ್ಟು ಮೊದಲೇ ಶುರು ಮಾಡಿದ ರಾಜ್ಯದಲ್ಲಿ ಹೆಂಗಸರಿಗೆ ಇಂದಿಗೂ ಆಯ್ಕೆ ಅಂದರೆ ಆಪರೇಶನ್ ಒಂದೇ ಎಂಬಂತಾಗಿರುವುದು ನನಗೆ ಬೇಸರದ ವಿಷಯ.

ನಿಮಗೆ ಯಾವುದು?

ಮೊದಲು ಒಂದು ಸಮಾಧಾನ. ಹೆರಿಗೆಯಾದ ಮೇಲೆ ಮುಂದಿನ ಬಸಿರಿಗೆ ಕನಿಷ್ಠ 24 ತಿಂಗಳ ಅಂತರ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಸೇರಿಯನ್ ಆದವರಿಗೆ ಹೊಲಿಗೆ ಗಟ್ಟಿಯಾಗಲು ಈ ಅಂತರ ಇನ್ನೂ ಮುಖ್ಯ. ನಿಮಗೆ 22 ತಿಂಗಳಾಗಿದೆ. ಹಾಗಾಗಿ ಬಸಿರನ್ನು ಇನ್ನೂ ಮುಂದೆ ಹಾಕುವುದಕ್ಕೆ ವೈದ್ಯಕೀಯ ಕಾರಣಕ್ಕಿಂತ ನಿಮ್ಮ ಇಷ್ಟ, ನಿಮ್ಮ ಕೆಲಸವೇ ಮುಖ್ಯ ಕಾರಣ. ಅದು ಸಾಕಷ್ಟು ದೊಡ್ಡ ಕಾರಣವೇ. "ಡಾಕ್ಟ್ರು ಬೇಡ ಅಂದ್ರು" ಅಂತ ಅತ್ತೆಗೆ ಹೇಳುವ ಅಗತ್ಯ ಬಂದರೆ, ಎರಡು ವರ್ಷ ತುಂಬುವವರೆಗೆ ಧೈರ್ಯವಾಗಿ ಹೇಳಿ.

"ನಾನು ನೋಡ್ಕೊಳ್ತೇನೆ" ಎನ್ನುವ ವಿಧಾನವನ್ನೇ ನಂಬಿದ 100 ಹೆಂಗಸರಲ್ಲಿ ವರ್ಷದೊಳಗೆ ಸುಮಾರು 20 ಜನ ಬಸಿರಾಗುತ್ತಾರೆ. ನಿಮ್ಮವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಆ ಕ್ಷಣದಲ್ಲಿ ಹಿಡಿತ ತಪ್ಪುವುದು ಸಹಜ. ನಿರೋಧ್‌ನಲ್ಲಿ ಈ ಸಂಖ್ಯೆ 13ರಷ್ಟು, ಮಾತ್ರೆಯಲ್ಲಿ 7, ಇಂಜೆಕ್ಷನ್‌ನಲ್ಲಿ 4, ಕಾಪರ್ ಟಿಯಲ್ಲಿ ಒಂದಕ್ಕಿಂತ ಕಡಿಮೆ. ದಿನ ಲೆಕ್ಕ ಹಾಕುವ ವಿಧಾನ ನಿಮಗೆ ಹೊಂದುವುದಿಲ್ಲ. ರಜೆಯ ದಿನಗಳು ಮುಟ್ಟಿನ ಲೆಕ್ಕ ನೋಡಿ ಬರುವುದಿಲ್ಲ.

ಐ-ಪಿಲ್ ಬಗ್ಗೆ: ಅದರಿಂದ ಬಂಜೆತನ ಬರುವುದಿಲ್ಲ, ಗರ್ಭಕೋಶ ಹಾಳಾಗುವುದಿಲ್ಲ. ಹಾಗಾಗಿ ಮೂರು ಸಲ ತಿಂದದ್ದಕ್ಕೆ ಹೆದರಬೇಡಿ. ಅಂಡ ಬಿಡುಗಡೆಯಾಗುವುದನ್ನು ಅದು ಮುಂದೂಡುತ್ತದೆ, ಅದಕ್ಕೇ ಮುಟ್ಟು ಹಿಂದೆ ಮುಂದೆ ಆದದ್ದು. ಕೂಡಿದ 72 ಗಂಟೆಯೊಳಗೆ ನುಂಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಆದರೆ ಅದು ತುರ್ತಿಗೆ ಮಾತ್ರ. ಅದನ್ನೇ ನಂಬಿ ಇಡೀ ರಜೆ ಕಳೆಯುವುದು ಬೇಡ, ಅಷ್ಟು ಗಟ್ಟಿ ರಕ್ಷಣೆ ಅದರಲ್ಲಿಲ್ಲ.

ಈಗ ನಿಮ್ಮ ಲೆಕ್ಕ ನೋಡೋಣ. ಮಗನಿಗೆ ನಾಲ್ಕು ತುಂಬುವ ಹೊತ್ತಿಗೆ ಪ್ರಯತ್ನಿಸುವುದಾದರೆ, ಮಧ್ಯೆ ನಿಮಗೆ ರಕ್ಷಣೆ ಬೇಕಾದದ್ದು ಎರಡು ರಜೆಗೆ. ಈ ಸಲದ್ದು, ಮುಂದಿನ ವರ್ಷದ್ದು.

ಈ ಸಲಕ್ಕೆ ನನ್ನ ಮೊದಲ ಸಲಹೆ ಮಾತ್ರೆ. ಅವರು ಬರುವ ಮೊದಲಿನ ಮುಟ್ಟು ಶುರುವಾದ ಐದು ದಿನದೊಳಗೆ ಮೊದಲ ಮಾತ್ರೆ ನುಂಗಿದರೆ ಅಂದಿನಿಂದಲೇ ರಕ್ಷಣೆ. ಸರ್ಕಾರಿ ಆಸ್ಪತ್ರೆಯ ಮಾಲಾ-ಎನ್ ಉಚಿತ. 21 ಹಾರ್ಮೋನ್ ಮಾತ್ರೆ, 7 ಕಬ್ಬಿಣಾಂಶದ ಮಾತ್ರೆ. ದಿನಾ ಒಂದೇ ಹೊತ್ತಿಗೆ, ರಾತ್ರಿ ಊಟ ಆದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ. ಒಂದು ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನದ್ದು ಮಾಮೂಲು ಹೊತ್ತಿಗೆ. ಸಾಲಾಗಿ ಎರಡು ಮೂರು ಮರೆತರೆ ಏಳು ದಿನ ನಿರೋಧ್ ಬೇಕು. ಮಗು ಇನ್ನೂ ಹಾಲು ಕುಡಿಯುತ್ತಿದ್ದರೂ ಆರು ತಿಂಗಳು ದಾಟಿರುವುದರಿಂದ ಅಡ್ಡಿಯಿಲ್ಲ. ಅವರು ವಾಪಸ್ ಹೋದ ಮೇಲೆ, ಆಗಲೇ ಶುರು ಮಾಡಿದ್ದ ಪಟ್ಟಿ ಮುಗಿಸಿ ನಿಲ್ಲಿಸಿ.

ಆದರೆ ಶುರು ಮಾಡುವ ಮೊದಲು ಬಿ.ಪಿ. ನೋಡಿಸಲೇಬೇಕು. ಬಿ.ಪಿ. ಜಾಸ್ತಿ ಇದ್ದರೆ, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಅಥವಾ ಲಿವರ್ ತೊಂದರೆ ಇದ್ದರೆ ಈ ಮಾತ್ರೆ ಬೇಡ. ರಕ್ತ ಹೆಪ್ಪುಗಟ್ಟುವ ಅಪಾಯ ನಿಮ್ಮ ವಯಸ್ಸಿನಲ್ಲಿ ಬಹಳ ಕಡಿಮೆ. ಆದರೂ ಇರುವ ಅಪಾಯ ಮಾತ್ರೆ ಶುರು ಮಾಡಿದ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ. ಬಿಟ್ಟು ಬಿಟ್ಟು ತೆಗೆದುಕೊಂಡರೆ ಆ ಮೊದಲ ತಿಂಗಳುಗಳು ಮತ್ತೆ ಬರುತ್ತವೆ. ಆದ್ದರಿಂದ ಪ್ರತಿ ರಜೆಗೂ ಮಾತ್ರೆ ಎಂಬ ಅಭ್ಯಾಸ ನನಗೆ ಇಷ್ಟವಿಲ್ಲ. ಮೀನಖಂಡದಲ್ಲಿ ಊತ, ನೋವು, ಇದ್ದಕ್ಕಿದ್ದಂತೆ ಉಸಿರಾಡಲು ಕಷ್ಟ, ಎದೆನೋವು, ವಿಪರೀತ ತಲೆನೋವು ಬಂದರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿ.

ಹಾರ್ಮೋನ್ ಇಲ್ಲದ ಛಾಯಾ ಮಾತ್ರೆಯೂ ಇದೆ. ಲಕ್ನೋದ ಸಂಶೋಧನಾಲಯದಲ್ಲಿ ನಮ್ಮವರೇ ಕಂಡುಹಿಡಿದದ್ದು. ಮುಟ್ಟಿನ ಮೊದಲ ದಿನ ಶುರು ಮಾಡಿ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ವಾಕರಿಕೆ ಇಲ್ಲ. ಆದರೆ ಕೆಲವರಿಗೆ ಮುಟ್ಟು ತಡವಾಗುತ್ತದೆ. ರಜೆ ಮುಗಿದು ಅವರು ವಿಮಾನ ಹತ್ತಿದ ಮೇಲೆ ನಿಮ್ಮ ಮುಟ್ಟು ಹದಿನೈದು ದಿನ ತಡವಾದರೆ ನಿಮ್ಮ ಸ್ಥಿತಿ ಏನಾದೀತು ಯೋಚಿಸಿ. ನಿಮ್ಮ ಸ್ವಭಾವ ನೋಡಿದರೆ ನಾನು ಇದನ್ನು ಎರಡನೆಯದಾಗಿ ಇಡುತ್ತೇನೆ.

ಆಗಲೇ ಹೇಳಿದ ಇಂಜೆಕ್ಷನ್ (ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಹೆಸರು 'ಅಂತರಾ') ಒಂದು ಚುಚ್ಚಿದರೆ ಮೂರು ತಿಂಗಳು ರಕ್ಷಣೆ. ಇಡೀ ರಜೆ ಮುಗಿಯುತ್ತದೆ. ಮನೆಯಲ್ಲಿ ಮಾತ್ರೆ ಪಟ್ಟಿ ಬಚ್ಚಿಡುವ ಕಷ್ಟವಿಲ್ಲ. ಚುಚ್ಚಿದ ಜಾಗ ತಿಕ್ಕಬಾರದು, ಬಿಸಿ ಶಾಖ ಕೊಡಬಾರದು. ಆದರೆ ಮೊದಲ ಡೋಸಿನಲ್ಲಿ ಯಾವಾಗ ರಕ್ತ ಕಾಣುತ್ತದೆ, ಎಷ್ಟು ದಿನ ಎಂದು ಹೇಳಲಾಗದು. ಬಿಟ್ಟ ಮೇಲೆ ಬಸಿರು ನಿಲ್ಲಲು ಕೊನೆಯ ಇಂಜೆಕ್ಷನ್‌ನಿಂದ ಸರಾಸರಿ 7ರಿಂದ 10 ತಿಂಗಳು ಬೇಕು. ವರ್ಷಕ್ಕೆ ಒಂದೂವರೆ ತಿಂಗಳು ಮಾತ್ರ ಜೊತೆಗಿರುವವರಿಗೆ ಈ ತಡ ಚಿಕ್ಕದಲ್ಲ. ಮುಂದಿನ ವರ್ಷ ಇದನ್ನು ತೆಗೆದುಕೊಂಡರೆ ಆಮೇಲಿನ ರಜೆಯಲ್ಲಿ ಮಗು ಬೇಕೆಂದಾಗ ತಡವಾದೀತು. ನಿಮಗೆ ಬೇಡ ಎನ್ನುತ್ತೇನೆ.

ಕಾಪರ್ ಟಿ ಈ ರಜೆಗೆ ಬೇಡ. ಒಳ್ಳೆಯ ವಿಧಾನವಲ್ಲ ಎಂದಲ್ಲ. ಈಗ ಹಾಕಿಸಿದರೆ ರಕ್ತಸ್ರಾವ ಜಾಸ್ತಿ ಇರುವ ತಿಂಗಳುಗಳೇ ರಜೆಯ ತಿಂಗಳಾಗುತ್ತವೆ. ನಿಮ್ಮ ಭಯ ಗಟ್ಟಿಯಾಗುತ್ತದೆ. ಅವರು ಹೋದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಆಸ್ಪತ್ರೆಗೆ ಹೋಗಿ. ಕೈಗೆ ತೆಗೆದುಕೊಂಡು ನೋಡಿ. ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಮನಸ್ಸು ಒಪ್ಪಿದರೆ ಮುಂದಿನ ರಜೆಗೆ ಆರು ತಿಂಗಳಿರುವಾಗ ಹಾಕಿಸಿ, ಅವರು ಬರುವಷ್ಟರಲ್ಲಿ ಮುಟ್ಟು ಒಂದು ಹದಕ್ಕೆ ಬಂದಿರುತ್ತದೆ. ಐದು ವರ್ಷದ್ದು, ಹತ್ತು ವರ್ಷದ್ದು ಇದೆ. ಅಷ್ಟು ವರ್ಷ ಇಟ್ಟುಕೊಳ್ಳಲೇಬೇಕೆಂದಿಲ್ಲ, ಕೇಳಿದ ದಿನ ತೆಗೆಯಬೇಕು. "ಇನ್ನೂ ಸ್ವಲ್ಪ ದಿನ ನೋಡಿ" ಎಂದು ವಾಪಸ್ ಕಳುಹಿಸಿದರೆ ಬೇರೆ ಕಡೆ ಹೋಗಿ ತೆಗೆಸಿ. ತೆಗೆಸುವ ಸ್ವಾತಂತ್ರ್ಯ ಇದೆ ಎಂದು ಗೊತ್ತಿದ್ದವರೇ ಹಾಕಿಸಲು ಧೈರ್ಯ ಮಾಡುವುದು. ಗಲ್ಫಿನ ಕೆಲಸ ಯಾವಾಗ ಹೇಗೋ, ನಿಮ್ಮವರು ಊರಿಗೇ ಬಂದು ನಿಂತರೂ ಆಗ ಇದು ಕೈ ಬಿಡುವುದಿಲ್ಲ. ಮನಸ್ಸು ಒಪ್ಪದಿದ್ದರೆ ಬಿಡಿ. ಕಾಪರ್ ಟಿ ಬೇಡ ಎಂದಮಾತ್ರಕ್ಕೆ ಗರ್ಭನಿರೋಧಕವೇ ಬೇಡ ಎಂದಂತಾಗುವುದಿಲ್ಲ.

ಇದಕ್ಕೆ ಗಂಡನ ಸಹಿ ಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬೇಡ. ಕಾಪರ್ ಟಿಗೂ ಬೇಡ, ಇಂಜೆಕ್ಷನ್‌ಗೂ ಬೇಡ. ಆಪರೇಶನ್ನಿಗೂ ಸರ್ಕಾರದ ನಿಯಮದ ಪ್ರಕಾರ ಬೇಡ, ಕೆಲವು ಆಸ್ಪತ್ರೆಗಳಲ್ಲಿ ಕೇಳುವ ರೂಢಿ ಇದೆ ಅಷ್ಟೇ. ಎಷ್ಟು ಜಾಗ್ರತೆ ಮಾಡಿದರೂ ಬಸಿರು ನಿಂತರೆ ಕಾನೂನಿನ ಪ್ರಕಾರ ಗರ್ಭಪಾತಕ್ಕೂ ವಯಸ್ಕ ಹೆಂಗಸಿನ ಒಪ್ಪಿಗೆ ಸಾಕು. ಮೆಡಿಕಲ್ ಶಾಪಿನಿಂದ ತರಿಸಿ ಮನೆಯಲ್ಲೇ ಗರ್ಭಪಾತದ ಮಾತ್ರೆ ನುಂಗುವುದು ಮಾತ್ರ ಬೇಡ. ಸಿಸೇರಿಯನ್ ಆದವರು ಸ್ಕ್ಯಾನಿಂಗ್ ಇಲ್ಲದೆ ಖಂಡಿತ ಬೇಡ.

ಸಹಿ ಬೇಡ ಎಂದಮೇಲೂ, ನಿಮ್ಮವರ ಹತ್ತಿರ ಮಾತಾಡಿ ಎಂದೇ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ಅವರು ಕೋಪಿಷ್ಠರು ಅನ್ನಿಸುವಂಥದ್ದು ಏನೂ ಕಾಣಲಿಲ್ಲ. ಹೊಡೆತ ಬಡಿತ ಇರುವ ಮನೆಯಾಗಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು. ಊರಿಗೆ ಬಂದ ಮೇಲೆ ಹೇಳುವುದು ಕಷ್ಟ. ಈಗ ವಿಡಿಯೋ ಕಾಲ್ ಇದ್ದೇ ಇದೆಯಲ್ಲ, ಅತ್ತೆ ಮಲಗಿದ ಮೇಲೆ ಹೇಳಿ. "ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ಕಳೆದ ಸಲ ಮೂರು ಸಲ ಮಾತ್ರೆ ತಿಂದು, ಎರಡು ತಿಂಗಳು ಮುಟ್ಟಿಗೆ ಕಾದು ನಾನು ಒಬ್ಬಳೇ ಹೆದರಿದ್ದೆ. ಆಗ ನೀವು ಇಲ್ಲಿ ಇರಲಿಲ್ಲ" ಎಂದು ಹೇಳಿ. ಎಷ್ಟೋ ಗಂಡಂದಿರಿಗೆ ಈ ಎರಡು ತಿಂಗಳ ಕತೆ ಗೊತ್ತೇ ಇರುವುದಿಲ್ಲ. ಅವರು ಹೋದ ಮೇಲೆ ನಡೆದದ್ದು ಅದು. ಹೇಳಿದ ಮೇಲೆ ಬರುವಾಗ ನಿರೋಧ್ ತಾವೇ ತಂದವರಿದ್ದಾರೆ. ಅತ್ತೆಗೆ ಉತ್ತರ ಕೊಡುವ ಕೆಲಸವನ್ನೂ ಅವರಿಗೇ ವಹಿಸಿ. "ಇನ್ನೆರಡು ವರ್ಷ ಬೇಡ ಅಂತ ನಾನೇ ಹೇಳಿದ್ದು ಅಮ್ಮ" ಎಂದು ಮಗ ಹೇಳಿದರೆ ಅಲ್ಲಿಗೆ ಅರ್ಧ ಮಾತು ನಿಲ್ಲುತ್ತದೆ.

ಮುಟ್ಟಿನ ದಿನ ಬರೆದಿಟ್ಟುಕೊಳ್ಳಿ. ಮುಂದಿನ ಮುಟ್ಟು ಅವರು ಬರುವ ಮೊದಲೇ ಆಗುವುದಿದ್ದರೆ ಈ ವಾರವೇ ಬಿ.ಪಿ. ನೋಡಿಸಿ ಮಾತ್ರೆ ತಂದಿಟ್ಟುಕೊಳ್ಳಿ. ಅವರು ಬಂದ ಮೇಲೆ ಆಗುವುದಿದ್ದರೆ ಅಲ್ಲಿಯವರೆಗೆ ನಿರೋಧ್, ಮುಟ್ಟಾದ ಮೇಲೆ ಮಾತ್ರೆ.